ಸಮ್ಮೋಹನ, ಆಟ ಮತ್ತು ಕರ್ತೃತ್ವದ ಪ್ರಶ್ನೆ

ಗಮನವೆಲ್ಲ ಒಂದೇ ಕಡೆ ನೆಟ್ಟು, ಸುತ್ತಲಿನ ಅರಿವು ಹಿಂದೆ ಸರಿದು, ಕಿವಿಗೆ ಬಿದ್ದ ಸೂಚನೆಗೆ ಮೈಮನಸ್ಸು ಎಂದಿಗಿಂತ ಸಲೀಸಾಗಿ ಸ್ಪಂದಿಸುವ ಸ್ಥಿತಿಗೆ ಸಮ್ಮೋಹನ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನ ಸಂಘದ ಸಮ್ಮೋಹನ ವಿಭಾಗ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯ ಸಾರವೂ ಇದೇ. ಇದು ನಿದ್ದೆಯಲ್ಲ. ಒಳಗಾದವರಿಗೆ ಎಚ್ಚರವಿರುತ್ತದೆ, ಕೇಳಿದ್ದು ಬಹುಮಟ್ಟಿಗೆ ನೆನಪಿರುತ್ತದೆ, ಬೇಡವೆನಿಸಿದರೆ ಎದ್ದು ಹೋಗಲೂ ಬರುತ್ತದೆ. ಸಿನಿಮಾಗಳಲ್ಲಿ ಲೋಲಕ ಆಡಿಸಿ ಮನುಷ್ಯನನ್ನು ಗೊಂಬೆಯಾಗಿಸುವ ದೃಶ್ಯಗಳಿಗೂ ಚಿಕಿತ್ಸಾಲಯದ ಸಮ್ಮೋಹನಕ್ಕೂ ಹೆಚ್ಚಿನ ನಂಟಿಲ್ಲ.

ಕ್ರೀಡೆಗಾಗಿ ನಡೆಸುವ ಒಂದು ಕೂಟ ಹೀಗಿರುತ್ತದೆ. ಬ್ಯಾಟುಗಾರ ಕುರ್ಚಿಯಲ್ಲಿ ಒರಗಿ ಕೂರುತ್ತಾನೆ. ಗೋಡೆಯ ಮೇಲೆ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿರುವ ಒಂದು ಬಿಂದುವನ್ನು ನೋಡುತ್ತಿರಬೇಕು. ಉಸಿರು ಎಣಿಸುತ್ತ ಹೋದಂತೆ ರೆಪ್ಪೆ ಭಾರವಾಗುತ್ತದೆ ಎಂದು ಸಮ್ಮೋಹಕ ಮೆಲುದನಿಯಲ್ಲಿ ಹೇಳುತ್ತಾನೆ. ಒಂದೇ ಬಿಂದುವನ್ನು ನೋಡಿ ನೋಡಿ ದಣಿದ ರೆಪ್ಪೆ ನಿಜಕ್ಕೂ ಭಾರವಾಗುತ್ತದೆ. ಆಮೇಲೆ ಬಲಗೈ ಹಗುರವಾಗಿ ಮೇಲೇಳುತ್ತಿದೆ ಎಂಬ ಸೂಚನೆ ಬರುತ್ತದೆ. ಮಡಿಲಿನಲ್ಲಿದ್ದ ಕೈ ಅಂಗುಲ ಅಂಗುಲವಾಗಿ ಏಳುತ್ತದೆ. ಆಟಗಾರ ತನ್ನ ಅತ್ಯುತ್ತಮ ಇನಿಂಗ್ಸನ್ನು ಮತ್ತೆ ಕಾಣುವುದು ಇದರ ನಂತರ: ಬೆಳಗಿನ ಹುಲ್ಲಿನ ವಾಸನೆ, ಚೆಂಡು ಬ್ಯಾಟಿನ ನಡುಭಾಗಕ್ಕೆ ತಾಗಿದ ಸದ್ದು, ಮೊಣಕೈಯಲ್ಲಿದ್ದ ಸಡಿಲ. ಆ ಅನುಭವವನ್ನು ಗ್ಲೌಸಿನ ಪಟ್ಟಿ ಬಿಗಿಯುವಂಥ ಒಂದು ಸಣ್ಣ ಕ್ರಿಯೆಗೆ ಬೆಸೆಯಲಾಗುತ್ತದೆ. ಮುಂದೆ ಮೈದಾನದಲ್ಲಿ ಪಟ್ಟಿ ಬಿಗಿದರೆ ಮನಸ್ಸು ಅದೇ ಹದಕ್ಕೆ ಬರಬೇಕೆಂಬುದು ಉದ್ದೇಶ.

ಕಣ್ಣು ತೆರೆದ ಮೇಲೆ ವಿಚಾರಿಸಿದರೆ ಬಹಳ ಮಂದಿ ಹೇಳುವುದು ಒಂದೇ: ಕೈಯನ್ನು ತಾವು ಎತ್ತಲಿಲ್ಲ, ಅದು ತಾನಾಗಿ ಎದ್ದಿತು. ಮೈ ತನ್ನದು, ಸ್ನಾಯು ತನ್ನವು, ಆದರೆ ಮಾಡಿದವನು ತಾನಲ್ಲ ಎಂಬ ಭಾವ. ಸಮ್ಮೋಹನದ ನಿಜವಾದ ಗುರುತು ಇದೇ ಎಂದು ಸಂಶೋಧಕರು ತಿಳಿಯುತ್ತಾರೆ. ಇಲ್ಲಿಂದ ಹುಟ್ಟುವ ಪ್ರಶ್ನೆ ಪ್ರಯೋಗಾಲಯದಲ್ಲಿ ಮುಗಿಯುವಂಥದ್ದಲ್ಲ. ಇಂಥ ಸ್ಥಿತಿಯಲ್ಲಿ ಹೊಡೆದ ಶತಕ ಯಾರದು? ಸೂಚನೆ ಕೊಟ್ಟವನದೇ, ಆಡಿದವನದೇ, ಅವನೊಳಗಿನ ಇನ್ನಾವುದೋ ಶಕ್ತಿಯದೇ? ಕರ್ಮ, ಕರ್ತೃ, ಕರ್ತೃತ್ವಾಭಿಮಾನಗಳ ಬಗ್ಗೆ ಶತಮಾನಗಳಿಂದ ಚರ್ಚಿಸುತ್ತ ಬಂದ ನಾಡಿನಲ್ಲಿ ಈ ಪ್ರಶ್ನೆ ಹೊಸದಲ್ಲ. ಶಿವಮೊಗ್ಗದ ಸುತ್ತಮುತ್ತಲಂತೂ ಅದಕ್ಕೆ ಬೇರೆ ಬೇರೆ ಉತ್ತರ ಕೊಟ್ಟ ಪರಂಪರೆಗಳು ಕೆಲವೇ ಹರದಾರಿ ಅಂತರದಲ್ಲಿ ನೆಲೆಸಿವೆ.

ಸಮ್ಮೋಹನದ ಆಧುನಿಕ ಚರಿತ್ರೆ ಶುರುವಾಗುವುದೇ ಕರ್ತೃವನ್ನು ತಪ್ಪು ಜಾಗದಲ್ಲಿ ಹುಡುಕುವುದರಿಂದ. ವಿಯೆನ್ನಾದಿಂದ 1778ರಲ್ಲಿ ಪ್ಯಾರಿಸ್ಸಿಗೆ ಬಂದ ಫ್ರಾಂಟ್ಸ್ ಮೆಸ್ಮರ್, ತನ್ನ ದೇಹದಿಂದ ಹರಿಯುವ ಕಾಂತದ್ರವವೇ ರೋಗಿಯನ್ನು ವಾಸಿ ಮಾಡುತ್ತದೆ ಎಂದು ಸಾರಿದ. 1784ರಲ್ಲಿ ಹದಿನಾರನೇ ಲೂಯಿ ನೇಮಿಸಿದ ಸಮಿತಿ ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವೋಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್ನನ ತೋಟದಲ್ಲಿ ಒಂದು ಮರಕ್ಕೆ ಮಾತ್ರ 'ಕಾಂತಶಕ್ತಿ' ತುಂಬಿ, ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಹುಡುಗ ಮೂರ್ಛೆ ಹೋದ, ಆದರೆ ಬೇರೆಯದೇ ಮರದ ಬುಡದಲ್ಲಿ. ದ್ರವವೆಂಬುದಿಲ್ಲ, ಇದೆಲ್ಲ ಕಲ್ಪನೆಯ ಬಲ ಎಂದು ಸಮಿತಿ ತೀರ್ಮಾನಿಸಿತು. ಕಲ್ಪನೆಗೆ ಮನುಷ್ಯನನ್ನು ನೆಲಕ್ಕೆ ಕೆಡವುವಷ್ಟು ಬಲ ಎಲ್ಲಿಂದ ಬಂತು ಎಂದು ಮಾತ್ರ ಅದು ಕೇಳಲಿಲ್ಲ.

ಆ ಪ್ರಶ್ನೆ ಎತ್ತಿಕೊಂಡವನು ಕರಾವಳಿಯವನು. ಗೋವಾದ ಬಾರ್ದೇಸಿನಲ್ಲಿ 1756ರಲ್ಲಿ ಹುಟ್ಟಿದ, ಕೊಂಕಣಿ ಮನೆಮಾತಿನ ಪಾದ್ರಿ ಅಬ್ಬೆ ಫರಿಯಾ 1813ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಶುರುಮಾಡಿದ. ಸಮ್ಮೋಹಕನಿಂದ ಏನೂ ಹರಿದು ಬರುವುದಿಲ್ಲ, ನಡೆಯುವುದೆಲ್ಲ ಒಳಗಾದವನ ಏಕಾಗ್ರತೆ ಮತ್ತು ನಂಬಿಕೆಯಿಂದ ಎಂಬುದು ಅವನ ವಾದ. ಅವನ ಬಗ್ಗೆ ಗೋವಾದಲ್ಲಿ ಪ್ರಚಲಿತವಾದ ಕಥೆಯೊಂದಿದೆ. ಪೋರ್ಚುಗಲ್ಲಿನ ರಾಣಿಯ ಎದುರು ಉಪದೇಶ ಕೊಡಲು ನಿಂತ ಯುವ ಫರಿಯಾನ ನಾಲಿಗೆ ಕಟ್ಟಿಹೋಯಿತಂತೆ. ಹತ್ತಿರವಿದ್ದ ತಂದೆ ಕೊಂಕಣಿಯಲ್ಲಿ ಪಿಸುಗುಟ್ಟಿದ: ಎದುರಿಗಿರುವವರೆಲ್ಲ ಬರೀ ತರಕಾರಿ, ಕತ್ತರಿಸು ಮಗನೇ. ಮಾತು ಹರಿಯಿತು. ಕಥೆ ಹೇಗೇ ಹುಟ್ಟಿರಲಿ, ಸೂಚನೆ ಎಂದರೇನೆಂದು ಇಷ್ಟು ಚಿಕ್ಕದಾಗಿ ತೋರಿಸುವ ನಿದರ್ಶನ ಅಪರೂಪ. ತಂದೆ ಮಗನಿಗೆ ವಾಕ್ಚಾತುರ್ಯ ಕೊಡಲಿಲ್ಲ, ಅದು ಅವನಲ್ಲೇ ಇತ್ತು. ಅಡ್ಡ ಬಂದದ್ದನ್ನು ಆ ಪಿಸುಮಾತು ತೆಗೆದುಹಾಕಿತು.

ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1841ರಲ್ಲಿ ಇಂಥದೊಂದು ಪ್ರದರ್ಶನ ನೋಡಿ ಅನುಮಾನದಿಂದ ಮನೆಗೆ ಬಂದು, ತಾನೇ ಪ್ರಯೋಗಕ್ಕಿಳಿದ. ತನ್ನ ಶಸ್ತ್ರದ ಡಬ್ಬಿಯನ್ನು ಎದುರಿಗಿರುವವರ ಹಣೆಯ ಮೇಲ್ಭಾಗದಲ್ಲಿ ಹಿಡಿದು, ಅದನ್ನೇ ದಿಟ್ಟಿಸಲು ಹೇಳಿದರೆ ಸಾಕು, ಅದೇ ಸ್ಥಿತಿ ಬರುತ್ತಿತ್ತು. 1843ರ ಅವನ ಪುಸ್ತಕ ಇದಕ್ಕೊಂದು ವೈದ್ಯಕೀಯ ನೆಲೆ ಒದಗಿಸಿತು. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ಈ ಸ್ಥಿತಿಯಲ್ಲೇ ದೊಡ್ಡ ದೊಡ್ಡ ಗೆಡ್ಡೆಗಳನ್ನು ಕತ್ತರಿಸಿ ತೆಗೆದ. ಕ್ಲೋರೋಫಾರ್ಮ್ ಬಂದ ಮೇಲೆ ಆ ದಾರಿ ಮುಚ್ಚಿತು.

ಇಪ್ಪತ್ತನೇ ಶತಮಾನ ಇದನ್ನೆಲ್ಲ ಅಳತೆಗೆ ತಂದಿತು. ಸ್ಟ್ಯಾನ್‌ಫರ್ಡಿನಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ರೂಪಿಸಿದ ಹನ್ನೆರಡು ಅಂಶಗಳ ಮಾಪನದಿಂದ ತಿಳಿದದ್ದು ಇಷ್ಟು: ಸಮ್ಮೋಹನಕ್ಕೆ ಎಲ್ಲರೂ ಒಂದೇ ರೀತಿ ಒಳಗಾಗುವುದಿಲ್ಲ. ಸ್ವಲ್ಪ ಮಂದಿ ಬಲು ಬೇಗ ಒಳಗಾಗುತ್ತಾರೆ, ಸ್ವಲ್ಪ ಮಂದಿ ಏನು ಮಾಡಿದರೂ ಇಲ್ಲ, ಉಳಿದವರೆಲ್ಲ ನಡುವೆ. ಈ ಗುಣ ಮನುಷ್ಯನಲ್ಲಿ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿಯುತ್ತದೆ. ಸಮ್ಮೋಹಕನ ಕಣ್ಣಿನಲ್ಲಾಗಲಿ ದನಿಯಲ್ಲಾಗಲಿ ವಿಶೇಷ ಶಕ್ತಿಯಿಲ್ಲ, ಸಾಮರ್ಥ್ಯ ಒಳಗಾಗುವವನದು ಎಂದು ಫರಿಯಾ ಹೇಳಿದ್ದು ಅಂಕಿಗಳಲ್ಲಿ ಸಿದ್ಧವಾದಂತಾಯಿತು.

ಸ್ನಾಯುಬಲದ ಬಗ್ಗೆ ಹೆಚ್ಚು ಚರ್ಚೆಯಾದ ಪ್ರಯೋಗ 1961ರದು. ಇಕಾಯ್ ಮತ್ತು ಸ್ಟೈನ್‌ಹೌಸ್ ಎಂಬ ಸಂಶೋಧಕರು ಮೊಣಕೈ ಮಡಚುವ ಬಲವನ್ನು ಮತ್ತೆ ಮತ್ತೆ ಅಳೆದರು. ಹಿಂದಿನಿಂದ ಥಟ್ಟನೆ ಪಿಸ್ತೂಲು ಹಾರಿಸಿದಾಗ ಬಲ ಸುಮಾರು ಶೇಕಡಾ 7ರಷ್ಟು ಏರಿತು, ತಾವೇ ಕೂಗಿದಾಗ ಸುಮಾರು ಶೇಕಡಾ 12ರಷ್ಟು, ಸಮ್ಮೋಹನದಲ್ಲಿ ನಾಲ್ಕನೇ ಒಂದು ಭಾಗಕ್ಕೂ ತುಸು ಹೆಚ್ಚು. ಮನುಷ್ಯ ತನ್ನ ಪೂರ್ತಿ ಬಲವನ್ನು ಎಂದೂ ಬಳಸುವುದಿಲ್ಲ, ಅದರ ಮೇಲೆ ಒಂದು ತಡೆ ಸದಾ ಕೂತಿರುತ್ತದೆ, ಕೂಗು ಮತ್ತು ಸೂಚನೆ ಆ ತಡೆಯನ್ನು ಸಡಿಲಿಸುತ್ತವೆ ಎಂಬುದು ಅವರ ವಿವರಣೆ. ಗಮನಿಸಬೇಕಾದ್ದು, ಭಾರ ಎತ್ತುವುದರಲ್ಲಿ ಪಳಗಿದವನಲ್ಲಿ ಈ ಏರಿಕೆ ಕಾಣಲಿಲ್ಲ. ವರ್ಷಗಟ್ಟಲೆ ಮಾಡಿದ ಸಾಧನೆ ಆ ತಡೆಯನ್ನು ಮೊದಲೇ ಕರಗಿಸಿರಬೇಕು. ಗರಡಿಯಲ್ಲಿ ಮಣ್ಣು ಹೊತ್ತು ಬೆಳೆದ ಪೈಲ್ವಾನನಿಗೆ ಸಮ್ಮೋಹನ ಹೊಸದಾಗಿ ಕೊಡುವುದು ಕಡಿಮೆ ಎಂದೇ ಇದರ ಅರ್ಥ.

ಸಂಶೋಧಕ ಮಾರ್ಟಿನ್ ಓರ್ನ್ ಈ ಉತ್ಸಾಹಕ್ಕೆ ಇನ್ನೊಂದು ಮಿತಿ ಹಾಕಿದ. ಕೈ ಚಾಚಿ ಒಂದು ಕಿಲೋ ತೂಕ ಹಿಡಿದು ನಿಲ್ಲುವ ಪರೀಕ್ಷೆಯಲ್ಲಿ, ಸಮ್ಮೋಹನವಿಲ್ಲದೆ ಬರೀ ಹುರಿದುಂಬಿಸಿದವರೂ ಸಮ್ಮೋಹನದಲ್ಲಿ ನಿಂತಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ನಿಂತರು. ಬಲವನ್ನು ಹೆಚ್ಚಿಸಲು ಸಮ್ಮೋಹನವೇ ಬೇಕೆಂದಿಲ್ಲ. ಆಟದಲ್ಲಿ ಅದರ ನಿಜವಾದ ಉಪಯೋಗ ಬೇರೆ ಕಡೆ ಇದೆ.

ಅದು ಇರುವುದು ಒತ್ತಡದಲ್ಲಿ. ಹತ್ತು ಸಾವಿರ ಸಲ ಮಾಡಿದ ಕೆಲಸ ಫೈನಲ್‌ನಲ್ಲಿ ಏಕೆ ತಪ್ಪುತ್ತದೆ? ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಪಟ್ಟಿಂಗ್ ಬಳಸಿ ತೋರಿಸಿದಂತೆ, ಒತ್ತಡ ಬಂದಾಗ ಪಳಗಿದ ಆಟಗಾರ ತನ್ನ ಚಲನೆಯನ್ನು ತಾನೇ ಹೆಜ್ಜೆ ಹೆಜ್ಜೆಗೂ ಕಾಯತೊಡಗುತ್ತಾನೆ. ಹಿಡಿತ ಸರಿಯಿದೆಯೇ, ಭುಜ ತಿರುಗಿತೇ ಎಂದು ಒಳಗೊಂದು ಕಣ್ಣು ಎಣಿಸುತ್ತದೆ. ಮೈ ತಾನಾಗಿ ಮಾಡುತ್ತಿದ್ದುದು ಈ ಕಾವಲಿನಿಂದ ತುಂಡು ತುಂಡಾಗುತ್ತದೆ. ಕೆಡಿಸುವುದು 'ನಾನು ಮಾಡುತ್ತಿದ್ದೇನೆ' ಎಂಬ ಎಚ್ಚರವೇ. ಸಮ್ಮೋಹನ ಹಗುರಗೊಳಿಸುವುದು ಸರಿಯಾಗಿ ಆ ಎಚ್ಚರವನ್ನು. 2017ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡಿನ ಮಿದುಳು ಚಿತ್ರಣದ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಸುಲಭವಾಗಿ ಸಮ್ಮೋಹನಕ್ಕೆ ಒಳಗಾಗುವವರಲ್ಲಿ, ಮಾಡುವ ಕೆಲಸವನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೂ ತನ್ನ ಬಗ್ಗೆಯೇ ಯೋಚಿಸುವ ಜಾಲಕ್ಕೂ ಇರುವ ಕೊಂಡಿ ಆ ಹೊತ್ತಿನಲ್ಲಿ ಸಡಿಲಗೊಂಡಿತ್ತು.

ಮೈದಾನದ ಪುರಾವೆಗಳು ಮಿತವಾಗಿವೆ, ಆದರೆ ಇವೆ. ಜಾನ್ ಪೇಟ್ಸ್ ಮತ್ತು ಸಂಗಡಿಗರು ಬಾಸ್ಕೆಟ್‌ಬಾಲ್, ಗಾಲ್ಫ್, ಬ್ಯಾಡ್ಮಿಂಟನ್ ಆಟಗಾರರ ಸಣ್ಣ ಸಣ್ಣ ಗುಂಪುಗಳಲ್ಲಿ ಸುಧಾರಣೆ ಕಂಡರು. ಜೇಮಿ ಬಾರ್ಕರ್ ಮತ್ತು ಸಂಗಡಿಗರು 2010ರಲ್ಲಿ 59 ಮಂದಿ ಕಾಲೇಜು ಫುಟ್ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿ ನೋಡಿದರು. ಸಮ್ಮೋಹನದ ಮೂರು ಕೂಟಗಳಲ್ಲಿ ಪಾಲ್ಗೊಂಡವರಲ್ಲಿ ಆತ್ಮವಿಶ್ವಾಸವೂ ಚೆಂಡನ್ನು ಗೋಡೆಗೆ ಒದೆಯುವ ಪರೀಕ್ಷೆಯ ಅಂಕವೂ ಏರಿದವು, ನಾಲ್ಕು ವಾರಗಳ ಬಳಿಕವೂ ಉಳಿದಿದ್ದವು. ಬಾಕ್ಸಿಂಗ್‌ನಲ್ಲಿ ಕೆನ್ ನಾರ್ಟನ್ 1973ರ ಮಾರ್ಚಿನಲ್ಲಿ ಮಹಮ್ಮದ್ ಅಲಿಯ ದವಡೆ ಮುರಿದು ಗೆದ್ದಾಗ, ಅವನಿಗೆ ಸಮ್ಮೋಹನದ ತರಬೇತಿ ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನ ಮರುಪಂದ್ಯದಲ್ಲಿ ಅಲಿಯೇ ಗೆದ್ದ. ಒಂದು ಗೆಲುವನ್ನು ಒಂದೇ ಕಾರಣಕ್ಕೆ ಕಟ್ಟಿಹಾಕುವವರು ಈ ಎರಡನೇ ಪಂದ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಭದ್ರಾವತಿಗೆ ಸಂಬಂಧಿಸಿದ ಒಂದು ಪ್ರಸಂಗ ಇಲ್ಲಿ ಹೆಚ್ಚು ಕಲಿಸುತ್ತದೆ. ಆ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಇಪ್ಪತ್ತರ ಹುಡುಗ ತಲೆ ತಗ್ಗಿಸಿ ಕೂತಿದ್ದಾಗ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಬಂದು, ಚಿಂತೆ ಬಿಡು, ನೀನು ನೂರು ಹೊಡೆಯುತ್ತೀಯ ಎಂದರಂತೆ. ವಿಶ್ವನಾಥ್ ಇದನ್ನು ಹಲವು ಬಾರಿ ಹೇಳಿಕೊಂಡಿದ್ದಾರೆ. ಎರಡನೇ ಇನಿಂಗ್ಸಿನಲ್ಲಿ ಅವರು 137 ಹೊಡೆದರು. ಇದು ಸಮ್ಮೋಹನವಲ್ಲ, ಕಣ್ಣು ಮುಚ್ಚಿಸಿದವರಿಲ್ಲ, ಎಣಿಸಿದವರಿಲ್ಲ. ಆದರೆ ಸೂಚನೆಗೆ ಬೇಕಾದ ಅಂಶಗಳೆಲ್ಲ ಇದ್ದವು: ಹೇಳಿದವರ ಮೇಲೆ ಪೂರ್ತಿ ನಂಬಿಕೆ, ಸೋತ ಮನಸ್ಸಿನ ಮೆತ್ತಗಿನ ಸ್ಥಿತಿ, ಅನುಮಾನವಿಲ್ಲದ ಚಿಕ್ಕ ವಾಕ್ಯ, 'ಹೀಗೆ ಮಾಡು' ಎಂಬ ಅಪ್ಪಣೆಯ ಬದಲು 'ಹೀಗೆ ಆಗುತ್ತದೆ' ಎಂಬ ಭರವಸೆ. ಆ 137 ರನ್ ಪಟೌಡಿಯವರದೆಂದು ಯಾರೂ ಬರೆದಿಟ್ಟಿಲ್ಲ. ಎರಡು ವರ್ಷ ಹಿಂದೆ, ರಣಜಿಯ ಮೊದಲ ಪಂದ್ಯದಲ್ಲೇ, ಆಂಧ್ರದ ವಿರುದ್ಧ 230 ಹೊಡೆದಿದ್ದ ಕೈಗಳವು.

ಹಾಗಾದರೆ ಕರ್ತೃ ಯಾರು? ಶಿವಮೊಗ್ಗದಿಂದ ಸ್ವಲ್ಪ ದೂರದ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗುತ್ತವೆ. ಆ ಸಂಗಮದಲ್ಲಿ ಶೃಂಗೇರಿ ಪರಂಪರೆಯ ಅದ್ವೈತ ಮಠವೂ ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠವೂ ಇವೆ. ಕರ್ತೃತ್ವದ ಬಗ್ಗೆ ಎರಡೂ ಹೇಳುವುದು ಬೇರೆ ಬೇರೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಬರುವ ಬಡಗಿಯ ನಿದರ್ಶನವನ್ನು ಶಂಕರರು ವಿವರಿಸುವ ಬಗೆ ಹೀಗೆ: ಉಳಿ ಬಾಚಿ ಹಿಡಿದಿರುವಾಗ ಬಡಗಿ ಕೆಲಸಗಾರ, ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ಅವನು ನೆಮ್ಮದಿಯಾಗಿರುವ ಬರೀ ಮನುಷ್ಯ. ಆತ್ಮನ ಕರ್ತೃತ್ವವೂ ಬುದ್ಧಿ, ಇಂದ್ರಿಯಗಳೆಂಬ ಉಪಾಧಿಯಿಂದ ಬಂದದ್ದು, ಸ್ವಭಾವದ್ದಲ್ಲ. ಮಧ್ವರು ಒಪ್ಪುವುದಿಲ್ಲ. ಜೀವನ ಕರ್ತೃತ್ವ ಸತ್ಯವೇ, ಆದರೆ ಸ್ವತಂತ್ರವಲ್ಲ. ಹರಿಯ ಇಚ್ಛೆಗೆ ಅಧೀನವಾದದ್ದು. ಜೊತೆಗೆ ಪ್ರತಿ ಜೀವನಿಗೂ ತನ್ನದೇ ಸ್ವರೂಪಯೋಗ್ಯತೆಯಿದೆ. ಸಾಧನೆ ಆ ಯೋಗ್ಯತೆಯನ್ನು ಹೊರಗೆ ತರುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಸಮ್ಮೋಹನದ ಪ್ರಯೋಗಗಳನ್ನು ಈ ಎರಡು ಮತಗಳ ನಡುವೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೈ ತಾನಾಗಿ ಎದ್ದಾಗ ಕರ್ತೃತ್ವದ ಭಾವ ಹೋಯಿತು, ಕ್ರಿಯೆ ನಿಲ್ಲಲಿಲ್ಲ. ಕರ್ತೃತ್ವಾಭಿಮಾನ ಬೇರೆ, ಕರ್ತೃತ್ವ ಬೇರೆ ಎಂದು ಶಾಸ್ತ್ರಗಳು ಒತ್ತಿ ಹೇಳಿದ್ದು ಕೋಣೆಯೊಳಗಿನ ಕುರ್ಚಿಯಲ್ಲಿ ಕಣ್ಣಿಗೆ ಕಾಣುತ್ತದೆ. ಯೋಗ್ಯತೆಯ ವಿಷಯದಲ್ಲಿ ಮಧ್ವರ ನಿಲುವು ಪ್ರಯೋಗಗಳಿಗೆ ಹೆಚ್ಚು ಹತ್ತಿರ: ಸೂಚನೆಯಿಂದ ಬಂದದ್ದೆಲ್ಲ ಮೊದಲೇ ಒಳಗಿದ್ದದ್ದು. ಗೀತೆಯ ಹದಿನೆಂಟನೇ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನವಾದ ದೇಹ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ತಾನೊಬ್ಬನೇ ಮಾಡಿದೆ ಎನ್ನುವವನು ಸರಿಯಾಗಿ ನೋಡಿಲ್ಲವೆಂಬುದು ಅದರ ಅಭಿಪ್ರಾಯ. ಸಮ್ಮೋಹಕನ ದನಿ ಈ ಐದರಲ್ಲಿ ಚೇಷ್ಟೆಯ ಪಕ್ಕದಲ್ಲೋ ದೈವದ ಪಕ್ಕದಲ್ಲೋ ಬಂದು ಕೂರಬಹುದು. ಕರ್ತೃವಿನ ಜಾಗ ಅದಕ್ಕೆ ಸಿಗುವುದಿಲ್ಲ.

ಇಲ್ಲಿ ಒಂದು ಅವಸರದ ಹೋಲಿಕೆಯಿಂದ ದೂರವಿರಬೇಕು. ಹಿಲ್ಗಾರ್ಡ್ ಒಮ್ಮೆ ಸಮ್ಮೋಹನದಲ್ಲಿ ಕಿವಿ ಕೇಳದಂತಾದ ವಿದ್ಯಾರ್ಥಿಯೊಬ್ಬನನ್ನು, ನಿನ್ನೊಳಗೆ ಕೇಳಿಸಿಕೊಳ್ಳುತ್ತಿರುವ ಭಾಗವಿದ್ದರೆ ಬೆರಳು ಎತ್ತಲಿ ಎಂದು ಕೇಳಿದ. ಬೆರಳು ಎದ್ದಿತು. ಒಳಗೊಬ್ಬ ಗುಪ್ತ ನೋಡುಗನಿದ್ದಾನೆ ಎಂದು ಅವನು ವಾದಿಸಿದ. ವೇದಾಂತದ ಸಾಕ್ಷಿ ಇವನೇ ಎಂದು ಹೇಳಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಆ ನೋಡುಗನೂ ಕೇಳಿದ ಪ್ರಶ್ನೆಗೆ ತಕ್ಕಂತೆ ಬದಲಾಗುತ್ತಾನೆ, ಅವನೂ ಸೂಚನೆಯ ಕೂಸೇ ಇರಬಹುದು ಎಂದು ನಿಕೋಲಸ್ ಸ್ಪಾನೋಸ್ ಪ್ರಯೋಗಗಳಿಂದ ಆಕ್ಷೇಪಿಸಿದ. ಸೂಚನೆಗೆ ಬಗ್ಗುವಂಥದ್ದು ಅಂತಃಕರಣದ ಒಂದು ವೃತ್ತಿ. ಅದ್ವೈತದ ಸಾಕ್ಷಿಯಾಗಲಿ, ಜ್ಞಾನದ ಸತ್ಯಾಸತ್ಯವನ್ನು ಕಡೆಗೆ ನಿರ್ಣಯಿಸುವ ಮಧ್ವರ ಸಾಕ್ಷಿಯಾಗಲಿ ಯಾರ ಸೂಚನೆಗೂ ಬಗ್ಗುವುದಿಲ್ಲ. ಎರಡನ್ನೂ ಒಂದೆನ್ನುವುದು ವಿಜ್ಞಾನಕ್ಕೂ ನ್ಯಾಯವಲ್ಲ, ವೇದಾಂತಕ್ಕೂ ಅಲ್ಲ.

ಶಿವಮೊಗ್ಗದ ವಿನೋಬನಗರ ಯಾರ ಹೆಸರು ಹೊತ್ತಿದೆಯೋ ಆ ವಿನೋಬಾ ಭಾವೆ ಈ ವಿಷಯವನ್ನು ಇನ್ನೊಂದು ಬದಿಯಿಂದ ಬಿಡಿಸಿದ್ದಾರೆ. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ, ಭಾನುವಾರಗಳಂದು, ಸಹಕೈದಿಗಳಿಗೆ ಅವರು ಮರಾಠಿಯಲ್ಲಿ ಗೀತೆಯನ್ನು ವಿವರಿಸಿದರು. ಸಾನೆ ಗುರೂಜಿ ಅದನ್ನು ಬರೆದುಕೊಂಡರು. ಕನ್ನಡಕ್ಕೂ ಬಂದಿರುವ ಆ 'ಗೀತಾ ಪ್ರವಚನ'ದಲ್ಲಿ ನಾಲ್ಕನೇ ಅಧ್ಯಾಯದ ಕರ್ಮ, ವಿಕರ್ಮ, ಅಕರ್ಮಗಳ ವಿವರಣೆ ಅವರದೇ ಆದದ್ದು. ಶಂಕರರು ವಿಕರ್ಮವನ್ನು ನಿಷಿದ್ಧ ಕರ್ಮವೆಂದು ತೆಗೆದುಕೊಂಡರೆ, ವಿನೋಬಾ ಅದನ್ನು ಹೊರಗಿನ ಕೆಲಸದ ಜೊತೆ ಒಳಗೆ ನಡೆಯಬೇಕಾದ ವಿಶೇಷ ಕರ್ಮವೆಂದು ಓದುತ್ತಾರೆ. ಶಿವಲಿಂಗದ ಮೇಲೆ ನೀರಿನ ಧಾರೆ ಬೀಳುತ್ತಿರುವಾಗ ಮನಸ್ಸಿನ ಧಾರೆಯೂ ಜೊತೆಗೆ ಬೀಳದಿದ್ದರೆ ಅಭಿಷೇಕಕ್ಕೆ ಅರ್ಥವಿಲ್ಲ. ಎರಡೂ ಸೇರಿದಾಗ ಕರ್ಮದ ಭಾರವೇ ಇಲ್ಲದಂತಾಗುತ್ತದೆ, ಮಾಡಿಯೂ ಮಾಡದಂತಾಗುತ್ತದೆ. ಆ ಸ್ಥಿತಿ ಅಕರ್ಮ.

ಶ್ರೇಷ್ಠ ಆಟಗಾರರು ತಮ್ಮ ಅತ್ಯುತ್ತಮ ದಿನವನ್ನು ವರ್ಣಿಸುವುದೂ ಬಹುತೇಕ ಹೀಗೆಯೇ: ಶ್ರಮವಿರಲಿಲ್ಲ, ಚೆಂಡು ದೊಡ್ಡದಾಗಿ ಕಂಡಿತು, ತಾನೇ ಆಡಿದೆ ಅನಿಸಲಿಲ್ಲ. ಅಷ್ಟರಮಟ್ಟಿಗೆ ಸಮ್ಮೋಹನದ ಅಭ್ಯಾಸವನ್ನು ವಿನೋಬಾರ ವಿಕರ್ಮದ ಸಮೀಪಕ್ಕೆ ತರಬಹುದು. ಹೊರಗಿನ ಹೊಡೆತಕ್ಕೆ ಒಳಗಿನ ಧಾರೆಯನ್ನು ಜೋಡಿಸುವ ಕೆಲಸ ಎರಡರಲ್ಲೂ ಇದೆ. ವ್ಯತ್ಯಾಸ ಬರುವುದು ಮುಂದಿನ ಹೆಜ್ಜೆಯಲ್ಲಿ. ವಿನೋಬಾರ ವಿಕರ್ಮ ಚಿತ್ತಶುದ್ಧಿಯ ಕೆಲಸ. ಕಾಮಕ್ರೋಧಗಳನ್ನು ತೊಳೆಯುವುದು, ಫಲದ ಆಸೆ ಬಿಡುವುದು ಅದರ ಭಾಗ. ಸಮ್ಮೋಹನ ಫಲವನ್ನು ಬಿಡಿಸುವುದಿಲ್ಲ. ಪದಕವನ್ನೇ ಕಣ್ಮುಂದೆ ತಂದು ನಿಲ್ಲಿಸುವುದುಂಟು. ಆಟದ ಹೊತ್ತಿಗೆ 'ನಾನು' ಎಂಬುದನ್ನು ಪಕ್ಕಕ್ಕಿಟ್ಟು, ಬಹುಮಾನದ ಹೊತ್ತಿಗೆ ಅದನ್ನು ಮತ್ತೆ ಕರೆಯುತ್ತದೆ. ಅಕರ್ಮದ ಹಗುರ ಇಲ್ಲಿ ಸಿಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ತೆತ್ತಿರುವುದಿಲ್ಲ. ಆ ಕಾರಣಕ್ಕೆ ಸಮ್ಮೋಹನವನ್ನು ತಿರಸ್ಕರಿಸಬೇಕಾಗಿಲ್ಲ. ಅದನ್ನು ಯೋಗವೆಂದು ಕರೆಯುವುದು ಮಾತ್ರ ಸಲ್ಲದು.

ಶಿವಮೊಗ್ಗ ಜಿಲ್ಲೆಯ ಶರಣ ಪರಂಪರೆ ಈ ಗಡಿಯನ್ನು ಇನ್ನೂ ಕಟುವಾಗಿ ಎಳೆಯಿತು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ರೆಪ್ಪೆ ಮಿಟುಕಿಸದೆ ನೋಡುವ ಸಾಧನೆ ಹೊರನೋಟಕ್ಕೆ ಬ್ರೇಡನ ಡಬ್ಬಿಯ ಪ್ರಯೋಗದಂತೆಯೇ ಕಾಣುತ್ತದೆ. ಕಣ್ಣು ನೆಡುತ್ತದೆ, ಸುತ್ತಲಿನದು ಮರೆಯುತ್ತದೆ. ಆದರೆ ಅಲ್ಲಿ ಹೊರಗಿನಿಂದ ಸೂಚನೆ ಕೊಡುವ ದನಿಯಿಲ್ಲ, ಸಾಧಿಸಬೇಕಾದ ಗುರಿಯೂ ಮೈಯ ಕಸುವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಮತ್ತು ಗೋರಕ್ಷನ ಪ್ರಸಂಗವನ್ನು ಶೂನ್ಯಸಂಪಾದನೆಗಳೂ ಚಾಮರಸನ ಪ್ರಭುಲಿಂಗಲೀಲೆಯೂ ಹೇಳುತ್ತವೆ. ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡಿದ್ದ. ಅಲ್ಲಮ ಕತ್ತಿಯಿಂದ ಹೊಡೆದಾಗ ಖಣಿಲ್ ಎಂಬ ಸದ್ದು ಬಂತು. ಅದೇ ಕತ್ತಿಯಿಂದ ಗೋರಕ್ಷ ಅಲ್ಲಮನನ್ನು ಹೊಡೆದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಗಟ್ಟಿಯಾದ ದೇಹವೂ ಒಂದು ಸಿದ್ಧಿಯೇ, ಆದರೆ ತಡೆ ಅಲ್ಲಿ ಇನ್ನೂ ಉಳಿದಿದೆ ಎಂದು ತೋರಿಸುವ ಕಥೆಯಿದು. ಕ್ರೀಡೆಯ ಸಮ್ಮೋಹನವನ್ನು ಅಲ್ಲಮ ನೋಡಿದ್ದರೆ ಗೋರಕ್ಷನ ಸಾಲಿನಲ್ಲೇ ಇಡುತ್ತಿದ್ದ ಎನ್ನಲು ಅಡ್ಡಿಯಿಲ್ಲ.

ವೀರಭದ್ರನ ಉತ್ಸವಗಳಲ್ಲಿ ಕಾಣುವುದು ಇನ್ನೊಂದು ಬಗೆ. ಆ ದೈವದ ಸೇವೆಯ ಪುರವಂತರು ಸಂಬಾಳ ವಾದ್ಯದ ಬಡಿತಕ್ಕೆ ಒಡಪು ಹೇಳುತ್ತ ಹೇಳುತ್ತ ಆವೇಶಕ್ಕೆ ಬರುತ್ತಾರೆ. ಬಡಿತ ಬಿರುಸಾದಂತೆ ಹೆಜ್ಜೆ ಬಿರುಸಾಗುತ್ತದೆ. ಕಡೆಗೆ ಉದ್ದನೆಯ ಶಸ್ತ್ರ ಕೆನ್ನೆಯ ಒಂದು ಬದಿಯಿಂದ ಹೊಕ್ಕು ಹೊರಬರುತ್ತದೆ, ಮುಖದಲ್ಲಿ ನೋವಿನ ಗೆರೆಯಿರುವುದಿಲ್ಲ. ಸಮ್ಮೋಹನದಿಂದ ನೋವಿನ ಅಸಹನೆ ತಗ್ಗುತ್ತದೆಂದು ಪಿಯೆರ್ ರೆನ್‌ವಿಲ್ ಮತ್ತು ಸಂಗಡಿಗರು 1997ರಲ್ಲಿ ಮಿದುಳಿನ ಚಿತ್ರಣದಿಂದ ತೋರಿಸಿದ್ದನ್ನು ಇಲ್ಲಿ ನೆನೆಯಬಹುದು. ಆದರೆ ಪುರವಂತ ತನ್ನ ಮೈಯನ್ನು ಒಪ್ಪಿಸುವುದು ತನ್ನ ಕುಲದೈವಕ್ಕೆ, ಹುಟ್ಟಿನಿಂದ ನಂಬಿದ ವ್ರತಕ್ಕೆ, ಊರಿನ ಎದುರಿಗೆ. ಮೈ ಮರೆಯುವುದು ಅಲ್ಲಿ ಭಕ್ತಿಯ ಒಂದು ಅಂಗ.

ಒಪ್ಪಿಸಿಕೊಳ್ಳುವುದು ಯಾರಿಗೆ ಎಂಬಲ್ಲಿಯೇ ಸ್ವಾಮಿ ವಿವೇಕಾನಂದರ ಆಕ್ಷೇಪವಿದೆ. 1896ರ 'ರಾಜಯೋಗ'ದಲ್ಲಿ, ಪ್ರತ್ಯಾಹಾರವನ್ನು ವಿವರಿಸುವಾಗ, ಅವರು ಸಮ್ಮೋಹನದ ವಿರುದ್ಧ ನೇರವಾಗಿ ಎಚ್ಚರಿಸುತ್ತಾರೆ. ಇನ್ನೊಬ್ಬರ ಇಚ್ಛೆಯಿಂದ ಇಂದ್ರಿಯಗಳು ಹತೋಟಿಗೆ ಬಂದರೆ ಅದು ತನ್ನ ಹತೋಟಿಯಲ್ಲ, ತನ್ನ ಇಚ್ಛಾಶಕ್ತಿಯನ್ನು ಸವೆಸುವ ದಾರಿ ಎಂಬುದು ಅವರ ನಿಲುವು. ಅವರ ಕಾಲದ ಯೂರೋಪಿನಲ್ಲಿ ಸಮ್ಮೋಹಕನೇ ಯಜಮಾನ ಎಂಬ ನಂಬಿಕೆ ಬಲವಾಗಿತ್ತು. ಸಾಮರ್ಥ್ಯ ಒಳಗಾದವನದೇ ಎಂದು ಈಗ ತಿಳಿದಿರುವುದರಿಂದ ಆಕ್ಷೇಪದ ಅರ್ಧ ಬಿದ್ದುಹೋಗುತ್ತದೆ. ಉಳಿದರ್ಧ ಬೀಳುವುದಿಲ್ಲ. ಗಮನವನ್ನು ಒಪ್ಪಿಸುವುದು ಬೇರೆ, ವಿವೇಕವನ್ನು ಒಪ್ಪಿಸುವುದು ಬೇರೆ. ಮೊದಲನೆಯದು ಪ್ರತಿ ಶಿಷ್ಯನೂ ಗುರುವಿನ ಮುಂದೆ ಮಾಡುವ ಕೆಲಸ. ಎರಡನೆಯದನ್ನು ಕೇಳುವ ಯಾರನ್ನೇ ಆದರೂ ಅನುಮಾನಿಸುವುದು ಒಳ್ಳೆಯದು.

ಇಚ್ಛೆಯಿಲ್ಲದೆ ಬಂದದ್ದು ಮನುಷ್ಯನದಲ್ಲ ಎಂಬ ತತ್ತ್ವವನ್ನು ಕಾನೂನೂ ಒಪ್ಪಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವೆಂದಿತು. ಅಲ್ಲಿ ಆರೋಪಿಯ ಬಾಯಿಂದ ಬಂದ ಮಾತು ಅವನ ಇಚ್ಛೆಯ ಮಾತಲ್ಲ. ಆಟಗಾರನ ವಿಷಯ ಹಾಗಲ್ಲ. ಅವನು ತಾನೇ ಬಯಸಿ ಕೂತಿದ್ದಾನೆ, ಏನಾಗಬೇಕೆಂದು ತಾನೇ ಹೇಳಿದ್ದಾನೆ. ಕರ್ತೃತ್ವದ ಭಾವವನ್ನು ಕೆಲಹೊತ್ತು ಬದಿಗಿಡಬೇಕೆಂದು ನಿರ್ಧರಿಸಿದವನೂ ಅವನೇ. ಆ ನಿರ್ಧಾರ ಸ್ವಂತದ್ದಾಗಿದ್ದರೆ ಶತಕವೂ ಸ್ವಂತದ್ದೇ. ಹದಿನಾಲ್ಕು ವರ್ಷದ ಹುಡುಗಿಯನ್ನು ತರಬೇತುದಾರನೋ ಪೋಷಕರೋ ಗದರಿಸಿ ಕೂರಿಸಿದ್ದರೆ ಹಾಗೆ ಹೇಳಲು ಬರುವುದಿಲ್ಲ.

ಇದು ಮೋಸವಾಗುತ್ತದೆಯೇ ಎಂಬುದಕ್ಕೆ ಉತ್ತರ ಸುಲಭ. ಜಾಗತಿಕ ಉದ್ದೀಪನ ವಿರೋಧಿ ಸಂಸ್ಥೆ ಒಂದು ವಸ್ತು ಅಥವಾ ವಿಧಾನವನ್ನು ನಿಷೇಧಿಸುವಾಗ ಮೂರು ಅಳತೆಗಳನ್ನು ನೋಡುತ್ತದೆ: ಸಾಧನೆ ಹೆಚ್ಚಿಸುತ್ತದೆಯೇ, ಆರೋಗ್ಯಕ್ಕೆ ಅಪಾಯವೇ, ಕ್ರೀಡೆಯ ಆಶಯಕ್ಕೆ ವಿರುದ್ಧವೇ. ಎರಡಕ್ಕೆ ಹೌದೆನ್ನುವಂತಿದ್ದರೆ ಪಟ್ಟಿಗೆ ಸೇರಿಸಬಹುದು. ಸಮ್ಮೋಹನ ಆ ಪಟ್ಟಿಯಲ್ಲಿಲ್ಲ. ಹೊರಗಿನಿಂದ ಏನನ್ನೂ ಮೈಯೊಳಗೆ ಹಾಕದ, ಇದ್ದದ್ದನ್ನೇ ಬಳಕೆಗೆ ತರುವ ಅಭ್ಯಾಸವನ್ನು ಪ್ರಾಣಾಯಾಮದಿಂದಲೋ ಜಪದಿಂದಲೋ ಬೇರ್ಪಡಿಸಿ ನಿಷೇಧಿಸುವುದು ಆಗುವ ಮಾತೂ ಅಲ್ಲ.

ನಿಜವಾದ ಅಪಾಯ ನೋವಿನಲ್ಲಿದೆ. ಸೀಳಿದ ಸ್ನಾಯುವಿನ ನೋವನ್ನು ಸೂಚನೆಯಿಂದ ಮರೆಸಿ ಆಟಗಾರನನ್ನು ಕಣಕ್ಕೆ ಇಳಿಸಬಹುದು. ಗಾಯ ಮಾತ್ರ ಗಾಯವಾಗಿಯೇ ಇರುತ್ತದೆ. ದೇಹವೂ ಕರ್ಮದ ಐದು ಕಾರಣಗಳಲ್ಲಿ ಒಂದೆಂದು ಒಪ್ಪಿದ ಮೇಲೆ, ಅದರ ದೂರನ್ನು ಕೇಳದಂತೆ ಮಾಡುವುದು ಅಧರ್ಮ ಎನ್ನಬೇಕಾಗುತ್ತದೆ. ಹೊಣೆಗಾರ ವೈದ್ಯರು ನೋವಿಗೆ ಸಮ್ಮೋಹನ ಬಳಸುವ ಮೊದಲು ಅದರ ಕಾರಣವನ್ನು ಪತ್ತೆಹಚ್ಚಿ, ಆಡಬಹುದೇ ಎಂದು ಮೂಳೆ ವೈದ್ಯರಿಂದ ತಿಳಿದುಕೊಳ್ಳುತ್ತಾರೆ. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಚಿಕಿತ್ಸೆಯ ಜೊತೆಗೆ ಕಥೆ, ಸಿನಿಮಾಗಳ ಮೂಲಕವೂ ಮನಸ್ಸಿನ ಕಾಯಿಲೆಗಳ ಬಗೆಗಿನ ಭಯವನ್ನು ಜನರಿಂದ ದೂರಮಾಡಲು ದುಡಿದರು. ಅಂಥ ತಿಳಿವಳಿಕೆ ಬೆಳೆದ ಊರಿನಲ್ಲಿ, ವಶೀಕರಣದ ಫಲಕ ಹಾಕಿಕೊಂಡವರ ಬಳಿಗೆ ಹೋಗದೆ ತರಬೇತಿ ಪಡೆದ ಮನೋವೈದ್ಯರನ್ನೋ ಕ್ರೀಡಾ ಮನಶ್ಶಾಸ್ತ್ರಜ್ಞರನ್ನೋ ಕಾಣುವುದು ಕಷ್ಟವಲ್ಲ.

ಬಲ್ಲವರು ಕೆಲವೇ ಕೂಟಗಳಲ್ಲಿ ಆಟಗಾರನಿಗೆ ಸ್ವಸಮ್ಮೋಹನ ಕಲಿಸಿಬಿಡುತ್ತಾರೆ. ಬಿಂದುವನ್ನು ನೋಡುವುದು, ಉಸಿರು ಎಣಿಸುವುದು, ಸೂಚನೆಯ ಮಾತನ್ನು ತನ್ನ ಭಾಷೆಯಲ್ಲಿ, ತನಗೆ ಒಗ್ಗುವ ಪದಗಳಲ್ಲಿ ಕಟ್ಟಿಕೊಳ್ಳುವುದು ಅವನಿಗೇ ಬರುತ್ತದೆ. ಅಭ್ಯಾಸದ ಅವಧಿಗಳಲ್ಲಿ ಬೆಸೆದ ಗ್ಲೌಸಿನ ಸಂಕೇತವನ್ನು ಅವನು ಪಂದ್ಯದಲ್ಲಿ ಬಳಸುತ್ತಾನೆ, ಬೇಡವಾದಾಗ ಅಳಿಸಿಯೂ ಹಾಕುತ್ತಾನೆ. ಸೂಚನೆ ಕೊಡುವ ದನಿ ಅವನದೇ ಆದ ಮೇಲೆ ವಿವೇಕಾನಂದರ ಆಕ್ಷೇಪದ ಉಳಿದರ್ಧಕ್ಕೂ ಉತ್ತರ ಸಿಕ್ಕುತ್ತದೆ, ಸಮ್ಮೋಹಕನಿಗೆ ಅಲ್ಲಿ ಮಾಡಲು ಇನ್ನೇನೂ ಉಳಿದಿರುವುದಿಲ್ಲ.